ಗಂಡನ ಫೈಲು ಇದೆ, ನಿಮ್ಮದೆಲ್ಲಿ?

(ಮುಂಬಯಿಯ ಮಾಟುಂಗದಲ್ಲಿ ಸೇರಿದ್ದ ಕನ್ನಡ ಹೆಂಗಸರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ತುಳು, ಮರಾಠಿ ಮಾತುಗಳನ್ನು ಆದಷ್ಟು ಕನ್ನಡ ಮಾಡಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳು ಬಂದ ಜಾಗದಲ್ಲೇ ಇವೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ, ಅದೂ ರೈಲು ಹಳಿ ರಿಪೇರಿಯ ಮೆಗಾಬ್ಲಾಕ್ ದಿನ. ಡೊಂಬಿವಲಿಯಿಂದ, ಮೀರಾ ರೋಡಿನಿಂದ ಗಾಡಿ ಬದಲಿಸಿ ಬಂದಿದ್ದೀರಿ. ಉದ್ದ ಪೀಠಿಕೆ ಹಾಕಿದರೆ ನೀವು ಬೈಯುತ್ತೀರಿ.

ನನ್ನ ಕ್ಲಿನಿಕ್ ಠಾಣೆಯಲ್ಲಿದೆ. ನಾನು ಹೃದಯದ ಸರ್ಜನ್ ಅಲ್ಲ. ಬಿಪಿ, ಶುಗರ್, ಥೈರಾಯ್ಡ್, ಜ್ವರ ನೋಡುವ ಸಾದಾ ಫಿಜಿಶಿಯನ್. ಆದರೆ ಹೃದಯದ ರೋಗ ದೊಡ್ಡ ಆಸ್ಪತ್ರೆ ಸೇರುವ ಮೊದಲು ನನ್ನಂಥವರ ಬಾಗಿಲು ದಾಟಿಯೇ ಹೋಗಿರುತ್ತದೆ. ಎಷ್ಟೋ ಸಲ ನಾವು ಗುರುತು ಹಿಡಿಯದೆ ಕಳಿಸಿರುತ್ತೇವೆ. ಆ ಕತೆಯನ್ನೂ ಹೇಳುತ್ತೇನೆ.

ವಾರಕ್ಕೆ ನಾಲ್ಕೈದು ಸಲ ನನ್ನ ಮುಂದೆ ನಡೆಯುವ ಸಂಗತಿ ಇದು. ಗಂಡ ಹೆಂಡತಿ ಬರುತ್ತಾರೆ. ಗಂಡ ಕೈಬೀಸಿಕೊಂಡು ಬರುತ್ತಾನೆ. ಹೆಂಡತಿಯ ಕೈಯಲ್ಲಿ ಸೀರೆ ಅಂಗಡಿಯ ಚೀಲ, ಅದರೊಳಗೆ ಗಂಡನ ಫೈಲು. ಹಳೇ ಇಸಿಜಿಯಿಂದ ಹಿಡಿದು ಹೋದ ತಿಂಗಳ ಕೊಲೆಸ್ಟ್ರಾಲ್ ರಿಪೋರ್ಟ್ ತನಕ, ತಾರೀಖಿನ ಪ್ರಕಾರ ಜೋಡಿಸಿದ್ದು. ‘ಬೆಳಿಗ್ಗೆ ಯಾವ ಮಾತ್ರೆ ತಗೊಳ್ತೀರಿ?’ ಅಂತ ಗಂಡನನ್ನು ಕೇಳಿದರೆ ಉತ್ತರ ಹೆಂಡತಿಯಿಂದ ಬರುತ್ತದೆ, ಮಿಲಿಗ್ರಾಂ ಸಮೇತ. ಅವರು ಎದ್ದು ಹೊರಟಾಗ ನಾನು ಕೇಳುತ್ತೇನೆ: ‘ಅಕ್ಕ, ನಿಮ್ಮ ಬಿಪಿ ಎಷ್ಟು?’

‘ನನಗೇನೂ ಇಲ್ಲ ಡಾಕ್ಟ್ರೇ.’

‘ಕೊನೆಗೆ ಯಾವಾಗ ನೋಡಿಸಿದ್ದು?’

‘ಸಣ್ಣವನು ಹುಟ್ಟಿದಾಗ.’

ಸಣ್ಣವನು ಅಷ್ಟರಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುತ್ತಾನೆ.

ನಗುತ್ತೀರಿ. ನಗು ಬರುವಂಥದ್ದೇ. ಆದರೆ ಒಂದು ಲೆಕ್ಕ ಕೇಳಿ. ಹೆಂಗಸರನ್ನು ಜಾಸ್ತಿ ಬಲಿ ತೆಗೆದುಕೊಳ್ಳುವ ರೋಗ ಯಾವುದು ಅಂದರೆ ಎಲ್ಲರೂ ಸ್ತನದ ಕ್ಯಾನ್ಸರ್ ಅನ್ನುತ್ತಾರೆ. ಅಲ್ಲ. ಜಗತ್ತಿನಲ್ಲಿ ತೀರಿಹೋಗುವ ಮೂವರು ಹೆಂಗಸರಲ್ಲಿ ಸುಮಾರು ಒಬ್ಬರನ್ನು ಒಯ್ಯುವುದು ಹೃದಯ ಮತ್ತು ರಕ್ತನಾಳದ ಕಾಯಿಲೆ. ಪಾರ್ಶ್ವವಾಯು ಕೂಡ ಇದರಲ್ಲೇ ಬಂತು. ಎಲ್ಲ ಬಗೆಯ ಕ್ಯಾನ್ಸರ್ ಒಟ್ಟು ಸೇರಿಸಿದರೂ ಇಷ್ಟಾಗುವುದಿಲ್ಲ.

ಹಾಗಾದರೆ ಹಾರ್ಟ್ ಅಟ್ಯಾಕ್ ಅಂದ ಕೂಡಲೇ ಎದೆ ಹಿಡಿದುಕೊಂಡ ಗಂಡಸಿನ ಚಿತ್ರವೇ ಯಾಕೆ ಕಣ್ಣೆದುರು ಬರುತ್ತದೆ? ಇದರಲ್ಲಿ ನಮ್ಮ ವೈದ್ಯಲೋಕದ ಪಾಲೂ ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಲ್ಲಿ 1948ರಲ್ಲಿ ಹೃದಯರೋಗದ ದೊಡ್ಡ ಅಧ್ಯಯನ ಶುರುವಾಯಿತು. ಅದರಲ್ಲಿದ್ದ 5,209 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರೇ. ಶುರು ಚೆನ್ನಾಗಿಯೇ ಇತ್ತು. ಆಮೇಲಿನ ದೊಡ್ಡ ಪ್ರಯೋಗಗಳಲ್ಲಿ ಹೆಂಗಸರು ಮಾಯವಾದರು. ಆಸ್ಪಿರಿನ್ ಮಾತ್ರೆ ಹಾರ್ಟ್ ಅಟ್ಯಾಕ್ ತಡೆಯುತ್ತದಾ ಅಂತ 1980ರ ದಶಕದಲ್ಲಿ 22,071 ವೈದ್ಯರ ಮೇಲೆ ನೋಡಿದರು. ಅಷ್ಟೂ ಜನ ಗಂಡಸರು. 1991ರಲ್ಲಿ ಬರ್ನಡೀನ್ ಹೀಲಿ ಅನ್ನುವ ಹೃದಯತಜ್ಞೆ ಇದನ್ನು ಬಹಿರಂಗವಾಗಿ ಬರೆದರು. ಹೆಂಗಸು ತನಗೂ ಗಂಡಸಿನಷ್ಟೇ ಕಾಯಿಲೆ ಇದೆ ಅಂತ ತೋರಿಸಿಕೊಟ್ಟ ಮೇಲೆಯೇ ಅವಳಿಗೆ ಸರಿಯಾದ ಚಿಕಿತ್ಸೆ ಸಿಗುತ್ತದೆ ಅನ್ನುವುದು ಅವರ ದೂರು. ಅದೇ ವರ್ಷ ಅವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿಯೂ ಆದರು.

ಅಮೆರಿಕದ ಮಾತು ಸಾಕು. ನಮ್ಮ ಮನೆಯ ಕತೆ ಹೇಳುತ್ತೇನೆ.

ನನ್ನ ಚಿಕ್ಕಮ್ಮ ಡೊಂಬಿವಲಿಯಲ್ಲಿದ್ದರು. ಚಿಕ್ಕಪ್ಪನದು ಒಂದು ಸಣ್ಣ ಕ್ಯಾಂಟೀನ್. ಚಟ್ನಿ, ಸಾಂಬಾರಿನ ಮಸಾಲೆ ಎಲ್ಲ ಚಿಕ್ಕಮ್ಮನ ಕೈಯದ್ದೇ. ಅವರಿಗೆ 59 ಆದಾಗ ಎಡಗಡೆ ದವಡೆ ನೋವು ಶುರುವಾಯಿತು. ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಬರುತ್ತಿತ್ತು, ಮೇಲೆ ಹೋಗಿ ಎರಡು ನಿಮಿಷ ನಿಂತರೆ ಹೋಗುತ್ತಿತ್ತು. ದಂತವೈದ್ಯರ ಹತ್ತಿರ ಹೋದರು. ಒಂದು ಹಲ್ಲು ಕೀಳಿಸಿಕೊಂಡು ಬಂದರು. ನೋವು ಹಾಗೇ ಇತ್ತು. ನೋಡಿ, ಹಲ್ಲುನೋವು ಮೆಟ್ಟಿಲು ಹತ್ತುವಾಗ ಮಾತ್ರ ಬರುವುದಿಲ್ಲ. ಇಷ್ಟು ಸರಳ ವಿಷಯ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾಲ್ಕನೇ ದಿನ ಬೆಳಗಿನ ಐದು ಗಂಟೆಗೆ ನನಗೆ ಫೋನ್ ಬಂತು. ‘ಮಗಾ, ಹೊಟ್ಟೆ ತೊಳೆಸಿದ ಹಾಗೆ ಆಗ್ತಿದೆ. ಬೆವರು ಬರ್ತಿದೆ. ರಾತ್ರಿ ಬಟಾಣಿ ಉಸಳ್ ತಿಂದಿದ್ದೆ, ಗ್ಯಾಸ್ ಇರಬೇಕು.’ ನಾನು ಆಗ ಎಂ.ಡಿ. ಮುಗಿಸಿ ಎರಡು ವರ್ಷ. ನಿದ್ದೆಗಣ್ಣಲ್ಲಿ, ‘ಅಸಿಡಿಟಿಯ ಪ್ಯಾಂಟೊಪ್ರಜೋಲ್ ಒಂದು ತಗೊಳ್ಳಿ ಚಿಕ್ಕಮ್ಮ, ಒಂಬತ್ತಕ್ಕೆ ನಾನೇ ಫೋನ್ ಮಾಡ್ತೇನೆ’ ಅಂದೆ. ಅವರು ಮಾತ್ರೆ ನುಂಗಿದರು. ಸ್ನಾನ ಮಾಡಿದರು. ದೇವರ ದೀಪ ಹಚ್ಚಿದರು. ಕ್ಯಾಂಟೀನಿನ ಚಟ್ನಿ ಕಡೆದು ಕೊಟ್ಟರು. ಆಸ್ಪತ್ರೆಗೆ ಹೋಗುವಾಗ ಮಧ್ಯಾಹ್ನ. ಅಲ್ಲೂ ಮೊದಲು ಅಸಿಡಿಟಿ ಇಂಜೆಕ್ಷನ್ನೇ ಕೊಟ್ಟರು, ಇಸಿಜಿ ತೆಗೆದದ್ದು ಆಮೇಲೆ. ಆ ಆಸ್ಪತ್ರೆಯ ಹೆಸರು ಬೇಡ. ತಪ್ಪು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು ಬರಬೇಕು.

ಅವರು ಬದುಕಿದರು. ಆದರೆ ತನ್ನೊಳಗೆ ತುಂಬಿದ ರಕ್ತದಲ್ಲಿ ಹೃದಯ ಒಂದು ಬಡಿತಕ್ಕೆ ಹೊರಗೆ ತಳ್ಳುವ ಪಾಲು ಇರಬೇಕಾದ್ದು ನೂರಕ್ಕೆ 55ರಿಂದ 70. ಚಿಕ್ಕಮ್ಮನದು 30ಕ್ಕೆ ಇಳಿದಿತ್ತು. ಆಮೇಲೆ ಏಳು ವರ್ಷ ಇದ್ದರು. ಆ ಬ್ರಿಡ್ಜ್ ಮಾತ್ರ ಮತ್ತೆ ಹತ್ತಲಿಲ್ಲ.

ನನ್ನನ್ನು ಇವತ್ತಿಗೂ ಚುಚ್ಚುವುದು ಒಂದೇ. ಅದೇ ಮಾತನ್ನು ಅದೇ ಹೊತ್ತಿಗೆ ಚಿಕ್ಕಪ್ಪ ಹೇಳಿದ್ದರೆ ‘ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ’ ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ. ನಾನೂ ಹೆಂಗಸೇ. ಆದರೂ ಹೆಂಗಸಿನ ಬೆವರು ನನಗೆ ಗ್ಯಾಸ್ ಆಗಿ ಕಂಡಿತು.

ವಾಟ್ಸಾಪಿನಲ್ಲಿ ಒಂದು ಮಾತು ಓಡಾಡುತ್ತಿದೆ, ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆದರೆ ಎದೆನೋವೇ ಬರುವುದಿಲ್ಲ ಅಂತ. ಅದು ಸರಿಯಲ್ಲ. ಹೆಚ್ಚಿನ ಹೆಂಗಸರಿಗೂ ಎದೆಯಲ್ಲೇ ಬರುತ್ತದೆ. ಆದರೆ ನಾವು ಅದಕ್ಕೆ ನೋವು ಅನ್ನುವುದಿಲ್ಲ. ‘ನೋವಿದೆಯಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ. ‘ಮತ್ತೇನು?’ ಅಂದರೆ ‘ಕಲ್ಲಿಟ್ಟ ಹಾಗೆ’, ‘ರವಿಕೆ ಬಿಗಿಯಾದ ಹಾಗೆ’, ‘ಉರಿ’. ಎರಡು ಹೆರಿಗೆ ಕಂಡವಳಿಗೆ ಇದು ನೋವಿನ ಲೆಕ್ಕಕ್ಕೇ ಬರುವುದಿಲ್ಲವೋ ಏನೋ. ಅದರ ಜೊತೆಗೆ ಏದುಸಿರು, ವಾಂತಿ ಬಂದ ಹಾಗಾಗುವುದು, ತಣ್ಣನೆ ಬೆವರು, ದವಡೆ, ಕುತ್ತಿಗೆ, ಭುಜ ಅಥವಾ ಬೆನ್ನಿನ ನೋವು, ಕಾರಣವಿಲ್ಲದ ಸುಸ್ತು. ಇವು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಕೆಲವರಿಗೆ ಎದೆಯ ಸುದ್ದಿಯೇ ಇಲ್ಲದೆ ಇವಷ್ಟೇ ಬರುವುದೂ ಉಂಟು, ಅದರಲ್ಲೂ ಶುಗರ್ ಇರುವವರಿಗೆ.

ಇನ್ನೊಂದು ಪೇಚಾಟ ಇದೆ. ಕೆಲವು ಹೆಂಗಸರಿಗೆ ಆಂಜಿಯೋಗ್ರಫಿ, ಅಂದರೆ ಹೃದಯದ ರಕ್ತನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್‌ರೇ, ಮಾಡಿದರೆ ದೊಡ್ಡ ರಕ್ತನಾಳ ಸ್ವಚ್ಛವಾಗಿರುತ್ತದೆ. ‘ಏನಿಲ್ಲಮ್ಮ, ಟೆನ್ಷನ್’ ಅಂತ ಮನೆಗೆ ಕಳಿಸುತ್ತಾರೆ. ಆಂಜಿಯೋಗ್ರಫಿಯಲ್ಲಿ ಕಾಣದಷ್ಟು ಸಣ್ಣ ಕವಲುಗಳು ಸರಿಯಾಗಿ ಹಿಗ್ಗದೆ ಇದ್ದರೂ ಹೃದಯಕ್ಕೆ ರಕ್ತ ಸಾಲದೆ ನೋವು ಬರುತ್ತದೆ. ಹೆಂಗಸರಲ್ಲಿ ಇದು ಜಾಸ್ತಿ. ಕ್ಲಿಯರ್ ಅಂದ ಮೇಲೂ ನೋವು ಹೋಗದಿದ್ದರೆ ಮತ್ತೆ ಹೋಗಿ ಕೇಳಿ. ನಾಚಿಕೆ ಬೇಡ.

ಇಲ್ಲಿ ಮುಂದಿನ ಸಾಲಿನ ಅಮ್ಮ ಒಬ್ಬರು ಕೈ ಎತ್ತಿದರು. ‘ಎದೆ ಒಡೆದು ಸತ್ತಳು ಅಂತ ನಮ್ಮ ಊರಲ್ಲಿ ಹೇಳ್ತಿದ್ದರು, ಅದು ನಿಜವಾ?’ ಒಳ್ಳೆಯ ಪ್ರಶ್ನೆ. ಮಗ ಹೋದ ಸುದ್ದಿ ಬಂತು, ಮನೆ ಹೋಯಿತು, ಅಂಥ ಆಘಾತದಲ್ಲಿ ಹೃದಯದ ಒಂದು ಭಾಗ ತಟ್ಟನೆ ಸೋತು ಬಲೂನಿನ ಹಾಗೆ ಉಬ್ಬುವುದುಂಟು. ಇದಕ್ಕೆ ತಕೊತ್ಸುಬೊ ಅನ್ನುತ್ತಾರೆ. 1990ರಲ್ಲಿ ಜಪಾನಿನ ವೈದ್ಯರು ಇಟ್ಟ ಹೆಸರು. ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರಕ್ಕೆ ಹೃದಯ ಬಂದಿರುತ್ತದೆ, ಅದಕ್ಕೆ. ಬರುವುದು ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಿಗೆ. ನೋಡಲು ಥೇಟ್ ಹಾರ್ಟ್ ಅಟ್ಯಾಕ್. ಬಹಳಷ್ಟು ಜನ ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಅಂತೂ ನಮ್ಮ ಅಜ್ಜಿಯರು ಸುಮ್ನೆ ಹೇಳಿದ್ದಲ್ಲ.

ಈಗ ನಿಮ್ಮ ಫೈಲಿನ ವಿಷಯಕ್ಕೆ ಬರುತ್ತೇನೆ. ಇವತ್ತು ಮನೆಗೆ ಹೋಗಿ ಒಂದು ನೂರು ಪುಟದ ನೋಟ್‌ಬುಕ್ ತೆಗೆಯಿರಿ. ಮಕ್ಕಳದ್ದು ಹಳೆಯದು ಇದ್ದರೂ ನಡೆಯುತ್ತದೆ. ಮೊದಲ ಪುಟದಲ್ಲಿ ಬಿಪಿ ಬೇಡ, ಶುಗರ್ ಬೇಡ. ನಿಮ್ಮ ಹೆರಿಗೆಗಳ ಕತೆ ಬರೆಯಿರಿ.

ಯಾಕೆ ಗೊತ್ತಾ? ಬಸಿರು ಅನ್ನುವುದು ಹೃದಯಕ್ಕೂ ರಕ್ತನಾಳಕ್ಕೂ ಒಂದು ಪರೀಕ್ಷೆ. ಆಗ ದೇಹದಲ್ಲಿ ರಕ್ತವೇ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಆ ಒಂಬತ್ತು ತಿಂಗಳಲ್ಲಿ ಬಿಪಿ ಏರಿ, ಮೂತ್ರದಲ್ಲಿ ಪ್ರೊಟೀನ್ ಹೋಗಿ ಡಾಕ್ಟರರು ಗಾಬರಿಯಾಗಿದ್ದರೆ, ಮುಂದೆ ಹೃದಯರೋಗ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಬಸಿರಲ್ಲಿ ಶುಗರ್ ಬಂದಿದ್ದರೆ, ಹೆರಿಗೆಯಾದ ಮೇಲೆ ಹೋಗಿದ್ದರೂ ಮುಂದೆ ಮರಳಿ ಬರುವ ಸಾಧ್ಯತೆ ಹಲವು ಪಟ್ಟು. ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ ಅದನ್ನೂ ಬರೆಯಿರಿ. 2011ರಲ್ಲೇ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಬಸಿರಿನ ಬಿಪಿ, ಬಸಿರಿನ ಶುಗರ್ ಎರಡನ್ನೂ ಹೆಂಗಸರ ಹೃದಯದ ಅಪಾಯದ ಪಟ್ಟಿಗೇ ಸೇರಿಸಿದೆ. ಆದರೆ ಐವತ್ತೈದರ ಹೆಂಗಸಿಗೆ ‘ನಿಮ್ಮ ಮೊದಲ ಬಸಿರಲ್ಲಿ ಬಿಪಿ ಇತ್ತಾ?’ ಅಂತ ಎಷ್ಟು ಡಾಕ್ಟರರು ಕೇಳುತ್ತಾರೆ? ಕೇಳದಿದ್ದರೆ ನೀವೇ ಹೇಳಿ. ಮಗುವಿನ ನಾಮಕರಣದ ಫೋಟೊ ಜೋಪಾನ ಮಾಡಿದ್ದೀರಿ. ಹೆರಿಗೆ ಆಸ್ಪತ್ರೆಯ ಕಾಗದ ಮಾತ್ರ ರದ್ದಿಯವನ ಚೀಲಕ್ಕೆ ಹೋಗಿರುತ್ತದೆ. ಇಲ್ಲಿರುವ ಎಳೆಯ ತಾಯಂದಿರೇ, ಆ ಕಾಗದ ಎಸೆಯಬೇಡಿ.

ಎರಡನೇ ಪುಟ, ಮುಟ್ಟು ನಿಂತ ವಯಸ್ಸು. ಮುಟ್ಟು ಇರುವಷ್ಟು ದಿನ ಈಸ್ಟ್ರೋಜೆನ್ ಹಾರ್ಮೋನು ರಕ್ತನಾಳಕ್ಕೆ ಒಂದಿಷ್ಟು ಕಾವಲು ಕೊಡುತ್ತದೆ. ಗಂಡಸರಿಗಿಂತ ನಮಗೆ ಈ ರೋಗ ಏಳರಿಂದ ಹತ್ತು ವರ್ಷ ತಡವಾಗಿ ಬರುವುದಕ್ಕೆ ಇದೂ ಒಂದು ಕಾರಣ. ತಡವಾಗಿ ಬರುತ್ತದೆ, ಬರುವುದಿಲ್ಲ ಅಂತಲ್ಲ. ನಲವತ್ತಕ್ಕೂ ಮೊದಲೇ ಮುಟ್ಟು ನಿಂತಿದ್ದರೆ ಕಾವಲುಗಾರ ಬೇಗ ರಜೆ ಹಾಕಿದ ಹಾಗೆ. ಗರ್ಭಕೋಶ ತೆಗೆಸಿಕೊಂಡವರು ಒಂದು ಮಾತು ವಿಚಾರಿಸಿ, ಅಂಡಾಶಯವನ್ನೂ ತೆಗೆದರಾ? ನಮ್ಮ ಉತ್ತರ ಕರ್ನಾಟಕದ ಎಷ್ಟೋ ಅಕ್ಕಂದಿರು ಮೂವತ್ತೈದಕ್ಕೇ ‘ಚೀಲ’ ತೆಗೆಸಿಕೊಂಡು ಬಂದಿರುತ್ತಾರೆ. ಏನೇನು ತೆಗೆದರು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಹಾಗಂತ ಹೃದಯ ಕಾಪಾಡಲಿಕ್ಕೆ ಅಂತಲೇ ಹಾರ್ಮೋನ್ ಮಾತ್ರೆ ನುಂಗಬೇಡಿ. ಅದರಿಂದ ಲಾಭಕ್ಕಿಂತ ಅಪಾಯವೇ ಜಾಸ್ತಿ ಅಂತ ಕಂಡು 2002ರಲ್ಲೇ ಒಂದು ದೊಡ್ಡ ಪ್ರಯೋಗವನ್ನು ನಡುವೆ ನಿಲ್ಲಿಸಿದ್ದಾರೆ.

ಮೂರನೇ ಪುಟ ಮನೆತನದ್ದು. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ಅಮ್ಮ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮೊದಲು ಹೃದಯದ ತೊಂದರೆ ಬಂದಿತ್ತಾ? ಆಮೇಲಿನ ಪುಟಗಳಲ್ಲಿ ಬಿಪಿ, ಬೆಳಗಿನ ಶುಗರ್, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ. ಟೈಲರ್ ಟೇಪಿನಿಂದ ಹೊಕ್ಕುಳ ಮಟ್ಟದಲ್ಲಿ ಅಳೆಯಿರಿ, ಉಸಿರು ಒಳಗೆ ಎಳೆಯದೆ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಮೇಲೆ ಹೋದರೆ ಎಚ್ಚರ. ಶುಗರ್ ಇರುವವರಿಗೆ ಒಂದು ವಿಶೇಷ ಮಾತು. ಸಕ್ಕರೆ ಕಾಯಿಲೆ ಗಂಡಸಿನ ಹೃದಯಕ್ಕೆ ಮಾಡುವ ಕೇಡಿಗಿಂತ ಹೆಂಗಸಿನ ಹೃದಯಕ್ಕೆ ಮಾಡುವುದು ಜಾಸ್ತಿ. ಈಸ್ಟ್ರೋಜೆನ್ ಕಾವಲನ್ನು ಅದು ಅಳಿಸಿಹಾಕುತ್ತದೆ.

ತಂಬಾಕು ಅಂದರೆ ನೀವೆಲ್ಲ ಗಂಡಂದಿರ ಕಡೆ ಕೈ ತೋರಿಸುತ್ತೀರಿ. ಇಲ್ಲಿನ ಚಾಳ್‌ಗಳಲ್ಲಿ ಬೆಳಿಗ್ಗೆ ಹಲ್ಲುಜ್ಜುವ ಮಿಶ್ರಿ ಏನು? ಹುರಿದು ಪುಡಿ ಮಾಡಿದ ತಂಬಾಕು. ಎಲೆಅಡಿಕೆ ಜೊತೆಗೆ ಒಂದು ಚೂರು ಹೊಗೆಸೊಪ್ಪು? ಅದೂ ತಂಬಾಕೇ. ಹೊಗೆ ಬರಲಿಲ್ಲ ಅಂತ ನಿಕೋಟಿನ್ ಮನಸ್ಸು ಬದಲಿಸುವುದಿಲ್ಲ.

ಹೊಗೆ ಅಂದಾಗ ಡಾ. ಎಸ್. ಪದ್ಮಾವತಿ ಅವರ ನೆನಪಾಗುತ್ತದೆ. ಭಾರತದ ಮೊದಲ ಮಹಿಳಾ ಹೃದಯತಜ್ಞೆ. 1917ರಲ್ಲಿ ಬರ್ಮಾದಲ್ಲಿ ಹುಟ್ಟಿದವರು, ಯುದ್ಧದ ಕಾಲದಲ್ಲಿ ಊರು ಬಿಟ್ಟು ಇಲ್ಲಿಗೆ ಬಂದರು. ಐವತ್ತರ ದಶಕದ ದಿಲ್ಲಿಯಲ್ಲಿ ಅವರಿಗೆ ಒಂದು ವಿಚಿತ್ರ ಕಂಡಿತು. ಬೀಡಿ ಸಿಗರೇಟು ಮುಟ್ಟದ ಹೆಂಗಸರ ಶ್ವಾಸಕೋಶ ಕೆಟ್ಟು, ಅದರಿಂದ ಹೃದಯದ ಬಲಭಾಗ ಸೋಲುತ್ತಿತ್ತು. ಅವರ ಬೆರಳು ಹೋದದ್ದು ಸೌದೆ, ಬೆರಣಿ ಒಲೆಯ ಹೊಗೆಯ ಕಡೆಗೆ. 1962ರಲ್ಲಿ ಅಖಿಲ ಭಾರತ ಹಾರ್ಟ್ ಫೌಂಡೇಶನ್ ಕಟ್ಟಿದರು. ನೂರು ದಾಟಿ ಬದುಕಿ 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅಡುಗೆಮನೆಗೂ ಹೃದಯಕ್ಕೂ ಇರುವ ಈ ನಂಟನ್ನು ಅಷ್ಟು ಹಿಂದೆಯೇ ಹಿಡಿದದ್ದು ದೊಡ್ಡದು ಅಂತ ನನಗೆ ಅನ್ನಿಸುತ್ತದೆ.

ಊಟದ ಬಗ್ಗೆ ಬಹಳ ಹೇಳುವುದಿಲ್ಲ, ಅಡುಗೆ ನನಗಿಂತ ನಿಮಗೆ ಗೊತ್ತು. ಉಪ್ಪಿನ ಲೆಕ್ಕ ಒಂದು ಹೇಳುತ್ತೇನೆ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪ್ಯಾಕೆಟ್ ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ ಅಂತ ನೋಡಿ. ಇದರ ಮೇಲೆ ಹಪ್ಪಳ, ಸಂಡಿಗೆ, ಒಣಮೀನು, ಫರ್ಸಾಣ್, ಊರಿಂದ ಬಂದ ಮಿಡಿ ಉಪ್ಪಿನಕಾಯಿ. ಗಂಜಿ ಒಳ್ಳೆಯದೇ, ಅದರ ಜೊತೆಗಾರರೇ ಕಷ್ಟ.

‘ತೆಂಗಿನೆಣ್ಣೆ ತಿನ್ನಬಹುದಾ?’ ಅಂತ ಹಿಂದಿನ ಸಾಲಿಂದ ಒಟ್ಟಿಗೆ ಮೂರು ದನಿ. ಗೊತ್ತಿತ್ತು ಕೇಳುತ್ತೀರಿ ಅಂತ! ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯ ಕೊಬ್ಬು ಅದರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ. ನಮ್ಮೂರಿನ ಎಣ್ಣೆ ಅಂತ ಹೃದಯ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಒಗ್ಗರಣೆಗೆ ಒಂದು ಚಮಚ ಇರಲಿ, ದಿನವೂ ಕರಿಯಲಿಕ್ಕೆ ಬೇಡ. ಬಂಗುಡೆ, ಭೂತಾಯಿ ಮೀನು ಧಾರಾಳ ತಿನ್ನಿ. ಆದರೆ ಗಸಿಯಲ್ಲಿ, ಕಾಯಿ ಸ್ವಲ್ಪ ಕಡಿಮೆ ಹಾಕಿ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದರೆ ಮೀನಿನ ಪುಣ್ಯ ಎಣ್ಣೆಗೆ ಹೋಗುತ್ತದೆ.

ವಾಕಿಂಗ್ ಅಂದರೆ ‘ದಿನವಿಡೀ ಮನೆಯಲ್ಲಿ ಓಡಾಡ್ತೇನಲ್ಲ’ ಅನ್ನುತ್ತೀರಿ. ಅದರಿಂದ ಲಾಭವಿಲ್ಲ ಅಂತಲ್ಲ. ಆದರೆ ವಾರಕ್ಕೆ 150 ನಿಮಿಷ, ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅನ್ನುವಷ್ಟು ಜೋರಾದ ನಡಿಗೆಯೂ ಬೇಕು. ಮುಂಬಯಿಯಲ್ಲಿ ನಮಗೊಂದು ಅನುಕೂಲ ಇದೆ, ಸ್ಟೇಷನ್ ಬ್ರಿಡ್ಜ್. ಹೋದ ದೀಪಾವಳಿಗೆ ಒಂದೇ ಉಸಿರಿಗೆ ಹತ್ತುತ್ತಿದ್ದವರು ಈ ಸಲ ನಡುವೆ ಕಂಬ ಹಿಡಿದು ನಿಲ್ಲುತ್ತಿದ್ದರೆ, ‘ವಯಸ್ಸಾಯ್ತು’ ಅಂತ ಎಸ್ಕಲೇಟರ್ ಕಡೆ ತಿರುಗಬೇಡಿ. ಡಾಕ್ಟರ್ ಕಡೆ ತಿರುಗಿ. ಚಿಕ್ಕಮ್ಮನಿಗೆ ಆ ಬ್ರಿಡ್ಜ್ ನಾಲ್ಕು ದಿನ ಮೊದಲೇ ಹೇಳಿತ್ತು.

ಆ ಹೊತ್ತು ಬಂದೇಬಿಟ್ಟರೆ? ಎದೆ ಬಿಗಿತ, ಬೆವರು, ಉಸಿರು ಸಿಗದ ಹಾಗಾಗುವುದು, ಕೂತರೂ ಹೋಗದಿದ್ದರೆ 108ಕ್ಕೆ ಫೋನ್ ಮಾಡಿ. ಸ್ನಾನ ಬೇಡ, ಸೀರೆ ಬದಲಿಸುವುದು ಬೇಡ, ಕುಕ್ಕರ್ ಮೂರು ಸೀಟಿ ಹಾಕಲಿ ಅಂತ ಕಾಯುವುದು ಬೇಡ. ಗ್ಯಾಸ್ ಆಫ್ ಮಾಡಿ, ಬಾಗಿಲ ಚಿಲಕ ತೆಗೆದಿಟ್ಟು ಕೂತುಕೊಳ್ಳಿ. ಪಕ್ಕದ ಮನೆಯವರನ್ನು ಕೂಗಿ. ಮಗ ಆಫೀಸಿನಿಂದ ಬರಲಿ ಅಂದರೆ ಅವನು ಬರುವುದು ಒಂದೂವರೆ ಗಂಟೆಗೆ. ಅಷ್ಟು ಹೊತ್ತು ರಕ್ತ ಸಿಗದೆ ಹೃದಯದ ಸ್ನಾಯು ಸಾಯುತ್ತಾ ಇರುತ್ತದೆ. ಮುಚ್ಚಿದ ರಕ್ತನಾಳವನ್ನು, ಆಸ್ಪತ್ರೆ ಮುಟ್ಟಿದ 90 ನಿಮಿಷದೊಳಗೆ ತೆರೆಯಬೇಕು ಅನ್ನುವುದು ಡಾಕ್ಟರರ ಗುರಿ. ಮನೆಯಲ್ಲಿ ಕಳೆದ ಹೊತ್ತು ಆ ಲೆಕ್ಕದಲ್ಲಿ ಇಲ್ಲ. ಆಸ್ಪಿರಿನ್ ಅಗಿದು ನುಂಗಬೇಕಾ ಅಂತ ಫೋನಿನಲ್ಲೇ ಡಾಕ್ಟರರನ್ನು ಕೇಳಿ. ಹೊಟ್ಟೆಹುಣ್ಣು ಇದ್ದವರಿಗೆ, ಅಲರ್ಜಿ ಇದ್ದವರಿಗೆ ಅದು ಆಗುವುದಿಲ್ಲ.

ಆಸ್ಪತ್ರೆಯಲ್ಲಿ ‘ಗ್ಯಾಸ್ ಆಗಿದೆ’ ಅಂತ ನೀವೇ ರೋಗದ ಹೆಸರು ಹೇಳಬೇಡಿ. ನೀವು ಹೇಳಿದರೆ ನಾವು ನಂಬುತ್ತೇವೆ, ನಾನೇ ನಂಬಿದ್ದೆ. ಮರಾಠಿ ಬರದವರು ಇಷ್ಟು ಬಾಯಿಪಾಠ ಮಾಡಿಕೊಳ್ಳಿ: ‘ಛಾತೀತ್ ದಾಬ್ ವಾಟತೋಯ್, ಈಸೀಜಿ ಕಾಢಾ.’ ಎದೆಯಲ್ಲಿ ಒತ್ತಿದ ಹಾಗೆ ಆಗ್ತಿದೆ, ಇಸಿಜಿ ತೆಗೆಯಿರಿ ಅಂತ ಅರ್ಥ. ಹೋದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲನೆಯದು ಸರಿ ಇದ್ದು ತೊಂದರೆ ಹೋಗದಿದ್ದರೆ ಇನ್ನೊಂದು ತೆಗೆಯಬೇಕು, ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆಯೂ ಆಗಬೇಕು. ದುಡ್ಡಿನ ಯೋಚನೆಗೆ ತಡ ಮಾಡಬೇಡಿ. ಕೆಇಎಂ, ಸಾಯನ್, ನಾಯರ್ ಮೂರೂ ಪಾಲಿಕೆಯ ಆಸ್ಪತ್ರೆಗಳು. ಮುಚ್ಚಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ರಾಜ್ಯ ಸರ್ಕಾರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಲ್ಲೂ ಬರುತ್ತದೆ, ರೇಷನ್ ಕಾರ್ಡ್ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ. ಸುಮ್ನೆ ಬಿಪಿ, ಶುಗರ್ ನೋಡಿಸಲಿಕ್ಕೆ ಮುಂಬಯಿ ಪಾಲಿಕೆಯ ಆಪ್ಲಾ ದವಾಖಾನಾ ಸಾಕು, ಪುಕ್ಕಟೆ.

ಸಂಘಟಕರು ಚಹಾ ರೆಡಿ ಇದೆ ಅಂತ ಸನ್ನೆ ಮಾಡುತ್ತಿದ್ದಾರೆ. ಬಟಾಟೆ ವಡೆಯ ವಾಸನೆ ನನಗೂ ಬಂತು. ಆದರೆ ಚಹಾ ಕುಡಿದು ಅರ್ಧ ಗಂಟೆ ಬಿಪಿ ನೋಡುವ ಹಾಗಿಲ್ಲ, ಜಾಸ್ತಿ ತೋರಿಸುತ್ತದೆ. ಹಿಂದಿನ ಮೇಜಿನ ಹತ್ತಿರ ನನ್ನ ನರ್ಸ್ ಮೆಷಿನ್ ಇಟ್ಟುಕೊಂಡು ಕೂತಿದ್ದಾಳೆ. ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ. ಐದು ನಿಮಿಷ ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೆ ಊರಿ ಕೂತುಕೊಳ್ಳಿ. ಕಾಲ ಮೇಲೆ ಕಾಲು ಬೇಡ. ಪಟ್ಟಿ ಕಟ್ಟಿದ ಮೇಲೆ ಒಂದು ನಿಮಿಷ ಮಾತಾಡಬಾರದು, ಕಷ್ಟ ಅಂತ ಗೊತ್ತು. ಚೀಟಿಯಲ್ಲಿ ಬರೆದು ಕೊಡುತ್ತಾಳೆ, ಅದನ್ನು ಗಂಡನ ಫೈಲಿಗೆ ಸೇರಿಸಬೇಡಿ. ವಡೆ ಆಮೇಲೆ. ಒಂದೇ.